ಆಷಾಢದ ಲೆಕ್ಕ: ಮಲೆನಾಡಿನ ಮನೆಗೆ ಯಾವ ಒಲೆ, ಯಾವ ದೀಪ?

ಹೊಸನಗರದ ಕಡೆ ನಮ್ಮ ಭಾವ ಹೊಸ ಮನೆ ಕಟ್ಟಿಸುತ್ತಿದ್ದಾರೆ. ಗೋಡೆ ಮೇಲೆದ್ದ ದಿನದಿಂದ ಫೋನಿನಲ್ಲಿ ಅವರದ್ದು ಒಂದೇ ಪ್ರಶ್ನೆ: "ಸೋಲಾರ್ ಹಾಕಿಸ್ಲಾ?" ನಾನು ಪ್ರತಿ ಸಲ ಕೇಳೋದೂ ಒಂದೇ: "ಯಾವ ಕೆಲಸಕ್ಕೆ?"

ಮನೆಯಲ್ಲಿ ಅನ್ನ ಬೇಯಬೇಕು. ಸ್ನಾನಕ್ಕೆ ನೀರು ಕಾಯಬೇಕು. ರಾತ್ರಿ ದೀಪ ಉರಿಯಬೇಕು, ಫೋನ್ ಚಾರ್ಜ್ ಆಗಬೇಕು. ತೋಟದವರಾದರೆ ಕೊಯ್ಲಿನಲ್ಲಿ ಅಡಿಕೆ ಬೇಯಬೇಕು. ಇವೆಲ್ಲ ಬೇರೆ ಬೇರೆ ಕೆಲಸ. ಒಂದಕ್ಕೆ ಅಗ್ಗವಾದದ್ದು ಇನ್ನೊಂದಕ್ಕೆ ದುಬಾರಿ ಬೀಳುತ್ತದೆ. ಹಾಗಾಗಿ ಕೆಲಸ ಹಿಡಿದು ಹೋಲಿಸಬೇಕು. ಹೋಲಿಸುವಾಗ ಒಂದು ಪ್ರಶ್ನೆ ಮರೆಯಬಾರದು: ಇದು ಆಷಾಢದಲ್ಲಿ ನಡೆಯುತ್ತದಾ? ಫೆಬ್ರವರಿಯ ಬಿಸಿಲಿನಲ್ಲಿ ಎಲ್ಲವೂ ಚೆನ್ನಾಗೇ ನಡೆಯುತ್ತದೆ. ಮಾರಾಟದವರು ಮನೆಗೆ ಬರೋದೂ ಆವಾಗಲೇ.

ಜಗತ್ತಿನ ಲೆಕ್ಕ ಇಡುವವರೂ ತಡವಾಗಿ ಇದೇ ಜಾಗಕ್ಕೆ ಬಂದರು. 2018ರ ಏಪ್ರಿಲ್ 28ಕ್ಕೆ ಮಣಿಪುರದ ಲೈಸಾಂಗ್ ಎಂಬ ಹಳ್ಳಿಗೆ ಕರೆಂಟು ಬಂದಾಗ ಭಾರತದ ಎಲ್ಲ ಹಳ್ಳಿಗಳಿಗೂ ವಿದ್ಯುತ್ ತಲುಪಿತು ಎಂದು ಘೋಷಣೆಯಾಯಿತು. ಆ ಲೆಕ್ಕದಲ್ಲಿ ಊರಿನ ನೂರು ಮನೆಗಳಲ್ಲಿ ಹತ್ತಕ್ಕೆ ಕರೆಂಟು ಇದ್ದರೆ ಸಾಕು, ಊರಿಗೇ ಬಂದ ಹಾಗೆ. ಕಂಬ ನೆಟ್ಟರೆ ಕೆಲಸ ಮುಗಿಯಿತೇ ಅಂತ ವಿಶ್ವಬ್ಯಾಂಕಿನವರು ಬೇರೆ ಅಳತೆಗೋಲು ಮಾಡಿಕೊಂಡಿದ್ದಾರೆ. ಅದರಲ್ಲಿ ಸೊನ್ನೆಯಿಂದ ಐದರವರೆಗೆ ಮೆಟ್ಟಿಲು. ಮೇಲಿನ ಮೆಟ್ಟಿಲು ಹತ್ತಬೇಕಾದರೆ ದಿನಕ್ಕೆ 23 ಗಂಟೆ ಕರೆಂಟು ಇರಬೇಕು. ವಾರದಲ್ಲಿ ಮೂರು ಸಲಕ್ಕಿಂತ ಜಾಸ್ತಿ ಹೋಗಬಾರದು, ಹೋದದ್ದೆಲ್ಲ ಸೇರಿ ಎರಡು ಗಂಟೆ ಮೀರಬಾರದು. ದಿನಕ್ಕೆ ಒಂದು ಯೂನಿಟ್ಟಿನಂತೆ ವರ್ಷಕ್ಕೆ 365 ಯೂನಿಟ್ ಬಳಸಿದರೆ ಅದರ ಖರ್ಚು ಮನೆಯ ಆದಾಯದ ಶೇಕಡಾ 5ರ ಒಳಗಿರಬೇಕು. ಈ ಕೋಲಿನಲ್ಲಿ ಅಳೆದರೆ ನಮ್ಮ ಮನೆ ಫೆಬ್ರವರಿಯಲ್ಲಿ ಮೇಲಿನ ಮೆಟ್ಟಿಲಲ್ಲಿ ಇರುತ್ತದೆ. ಜುಲೈನಲ್ಲಿ ಒಂದು ಮರ ತಂತಿ ಮೇಲೆ ಬಿತ್ತು ಅಂದರೆ ಸೀದಾ ಅಂಗಳಕ್ಕೆ.

ಇದೂ ಶರಾವತಿಯ ಸೀಮೆಯಲ್ಲಿ! ಜೋಗದ ವಿದ್ಯುದಾಗಾರ ಶುರುವಾಗಿದ್ದು 1948ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಶರಾವತಿ ಉತ್ಪಾದನಾ ಕೇಂದ್ರ ಒಂದರಲ್ಲೇ 1035 ಮೆಗಾವ್ಯಾಟ್. ಆ ಕರೆಂಟು ಬೆಂಗಳೂರಿಗೆ ಹೋಯಿತು. ಮುಳುಗಡೆಯಾಗಿ ಎದ್ದು ಹೋದವರು ಕಾಡಿನ ನಡುವೆ ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡು ಎಷ್ಟೋ ವರ್ಷ ಕೂತರು. ದೀಪದ ಬುಡದಲ್ಲಿ ಕತ್ತಲೆ ಅನ್ನೋದನ್ನು ನಮ್ಮ ಕಡೆಯವರಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ.

ಇರಲಿ, ಒಲೆಯಿಂದ ಶುರು ಮಾಡೋಣ.

ಅಡುಗೆ: ನಾಲ್ಕು ದಾರಿ

ಜಗತ್ತಿನಲ್ಲಿ 2023ರ ಲೆಕ್ಕಕ್ಕೆ ಕರೆಂಟಿಲ್ಲದವರು ಸುಮಾರು 66 ಕೋಟಿ. ಹೊಗೆಯಿಲ್ಲದ ಒಲೆ ಇಲ್ಲದವರು ಅದರ ಮೂರು ಪಟ್ಟು, ಸುಮಾರು 210 ಕೋಟಿ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ 32 ಲಕ್ಷ ಜನ ಅಕಾಲದಲ್ಲಿ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಬಲ್ಬಿಗಿಂತ ಒಲೆಯ ಸಮಸ್ಯೆ ದೊಡ್ಡದು. ಆದರೂ ಮನೆ ಕಟ್ಟುವಾಗ ನಾವು ಬಲ್ಬಿಗೆ ಯೋಚನೆ ಮಾಡಿದಷ್ಟು ಒಲೆಗೆ ಮಾಡುವುದಿಲ್ಲ.

ಸೌದೆ ಪುಕ್ಕಟೆ ಅಂತ ಎಲ್ಲರೂ ಹೇಳುತ್ತಾರೆ. ಹೇಳುವವರು ಹೆಚ್ಚಾಗಿ ಗಂಡಸರು. ಹಳೆಯ ಮೂರು ಕಲ್ಲಿನ ಒಲೆಯಲ್ಲಿ ಬೆಂಕಿಯ ಹತ್ತರಲ್ಲಿ ಒಂದು ಪಾಲು ಪಾತ್ರೆಗೆ ತಾಗಿದರೆ ಹೆಚ್ಚು. ಉಳಿದದ್ದು ಅಡುಗೆಮನೆಯ ಜಂತಿಗೆ, ಅಮ್ಮನ ಕಣ್ಣಿಗೆ. ಒಂದು ಗ್ಯಾಸ್ ಸಿಲಿಂಡರಿನಲ್ಲಿ ಆಗುವ ಅಡುಗೆಯನ್ನು ಆ ಒಲೆಯಲ್ಲಿ ಮಾಡಲು ಸುಮಾರು ಎರಡೂವರೆ ಕ್ವಿಂಟಲ್ ಒಣ ಸೌದೆ ಬೇಕು. ಅದನ್ನು ಬೆಟ್ಟದಿಂದ ಹೊತ್ತು ತರಬೇಕು, ಸೀಳಬೇಕು, ಮಳೆ ಹಿಡಿಯುವ ಮೊದಲು ಸೌದೆಕೊಟ್ಟಿಗೆ ತುಂಬಬೇಕು. ಈ ಕೆಲಸಕ್ಕೆ ಆಳಿನ ಕೂಲಿ ಹಾಕಿ ನೋಡಿ. ಆಮೇಲೆ ಪುಕ್ಕಟೆ ಅನ್ನಿ.

ಸೌದೆ ಬಿಡಲು ಆಗದವರು ಒಲೆಯನ್ನಾದರೂ ಬದಲಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ಮಣ್ಣಿನದ್ದು, ಮೂರು ಪಾತ್ರೆ ಕೂರುತ್ತವೆ, ಹೊಗೆ ಕೊಳವೆಯಲ್ಲಿ ಮೇಲೆ ಹೋಗುತ್ತದೆ. ಸರಿಯಾಗಿ ಕಟ್ಟಿದರೆ ಸೌದೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ 'ಸರಿಯಾಗಿ' ಅನ್ನೋದರಲ್ಲೇ ಎಲ್ಲ ಇದೆ. ಒಳಗಿನ ಅಳತೆ ಒಂದೆರಡು ಅಂಗುಲ ತಪ್ಪಿದರೂ ಹೊಗೆ ವಾಪಸ್ ಮುಖಕ್ಕೇ ಬರುತ್ತದೆ. ಕೊಳವೆಯ ಮಸಿ ತೆಗೆಯದೆ ಬಿಟ್ಟರೂ ಅಷ್ಟೇ. ಕಟ್ಟುವುದು ಗೊತ್ತಿರುವವರು ಸಿಕ್ಕಿದರೆ ಮಾತ್ರ ಕೈ ಹಾಕಿ.

ಇನ್ನು ಗ್ಯಾಸ್ ಸಿಲಿಂಡರ್. ಅಡುಗೆಗೆ ಇದಕ್ಕಿಂತ ಸಲೀಸು ಇನ್ನೊಂದಿಲ್ಲ, ಆಷಾಢದಲ್ಲೂ ನಡೆಯುತ್ತದೆ. 2016ರಲ್ಲಿ ಶುರುವಾದ ಉಜ್ವಲ ಯೋಜನೆಯಲ್ಲಿ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮನೆಗಳಿಗೆ ಗ್ಯಾಸ್ ಹೋಗಿದೆ. ತೊಡಕು ಎರಡನೇ ಸಿಲಿಂಡರಿನಿಂದ ಶುರು. ಕೂಲಿ ದುಡ್ಡು ದಿನದ ಲೆಕ್ಕದಲ್ಲಿ ಬರುತ್ತದೆ, ಸಿಲಿಂಡರ್ ಒಂದೇ ಸಲ ಎಂಟು ನೂರೋ ಒಂಬೈನೂರೋ ಕೇಳುತ್ತದೆ. ಉಜ್ವಲದವರಿಗೆ 300 ರೂಪಾಯಿ ಸಬ್ಸಿಡಿ ಇದೆ, ನಿಜ. ಆದರೆ ಅದು ಆಮೇಲೆ ಬ್ಯಾಂಕಿಗೆ ಬರುವ ದುಡ್ಡು, ಗಾಡಿಯವನಿಗೆ ಮೊದಲು ಪೂರ್ತಿ ಕೊಡಲೇಬೇಕು. ಗಾಡಿ ಬರುವುದು ಟಾರು ರಸ್ತೆಯವರೆಗೆ. ಅಲ್ಲಿಂದ ಸಂಕ ದಾಟಿ ಗುಡ್ಡ ಹತ್ತಿಸುವುದು ನಿಮ್ಮ ಭುಜ. ಹಾಗಾಗಿ ಎಷ್ಟೋ ಮನೆಗಳಲ್ಲಿ ಗ್ಯಾಸ್ ಇರೋದು ನೆಂಟರು ಬಂದಾಗ ಚಹಾ ಕಾಸಲಿಕ್ಕೆ, ದಿನದ ಅನ್ನ ಸೌದೆಯಲ್ಲೇ. ಮಲೆನಾಡಿನಲ್ಲಿ ಒಂದೇ ಸಿಲಿಂಡರ್ ಇಟ್ಟುಕೊಳ್ಳಬೇಡಿ. ಜೂನ್ ಹೊತ್ತಿಗೆ ಎರಡೂ ತುಂಬಿರಬೇಕು.

ಇಂಡಕ್ಷನ್ ಒಲೆಯ ಲೆಕ್ಕ ಸ್ವಲ್ಪ ಕೂತು ಮಾಡಬೇಕು. 14.2 ಕೆಜಿ ಸಿಲಿಂಡರಿನ ಅಡುಗೆಯನ್ನು ಇಂಡಕ್ಷನ್ ಮೇಲೆ ಮಾಡಿದರೆ ಸುಮಾರು 125 ಯೂನಿಟ್ ಬೀಳುತ್ತದೆ. ನಿಮ್ಮ ಸಿಲಿಂಡರಿನ ಬೆಲೆಯನ್ನು 125ರಿಂದ ಭಾಗಿಸಿ. 900 ರೂಪಾಯಿ ಅಂತ ಹಿಡಿದರೆ ಏಳು ರೂಪಾಯಿ ಚಿಲ್ಲರೆ ಬರುತ್ತದೆ. ನಿಮ್ಮ ಒಂದು ಯೂನಿಟ್ಟಿಗೆ ತೆರಿಗೆ ಎಲ್ಲ ಸೇರಿ ಅದಕ್ಕಿಂತ ಕಡಿಮೆ ಬಿದ್ದರೆ ಇಂಡಕ್ಷನ್ ಲಾಭ, ಇಲ್ಲದಿದ್ದರೆ ಗ್ಯಾಸ್. ನಮ್ಮಲ್ಲಿ ಎರಡೂ ಹತ್ತಿರ ಹತ್ತಿರ ಇವೆ.

ಗೃಹಜ್ಯೋತಿಯಲ್ಲಿ ಕರೆಂಟು ಪುಕ್ಕಟೆ ಅಲ್ವಾ ಅಂತ ಕೇಳುತ್ತೀರಿ. ತಡೆಯಿರಿ. ಆ ಪುಕ್ಕಟೆ ನೀವು 2022-23ರಲ್ಲಿ ಬಳಸಿದ ಸರಾಸರಿಗೆ ಶೇಕಡಾ 10 (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ 10 ಯೂನಿಟ್) ಸೇರಿಸಿದಷ್ಟಕ್ಕೆ ಮಾತ್ರ. ಅದರ ಮೇಲೆ ಬಳಸಿದ್ದಕ್ಕೆ ದುಡ್ಡು. ಒಟ್ಟು 200 ಯೂನಿಟ್ ದಾಟಿತೋ, ಆ ತಿಂಗಳ ಇಡೀ ಬಿಲ್ಲು ನಿಮ್ಮದೇ. ಮೊದಲು 60 ಯೂನಿಟ್ ಬಳಸುತ್ತಿದ್ದ ಮನೆಗೆ ಪುಕ್ಕಟೆ ಸಿಗೋದು 66. ಅಂಥ ಮನೆಯಲ್ಲಿ ಅಡುಗೆಯನ್ನೆಲ್ಲ ಇಂಡಕ್ಷನ್ನಿಗೆ ಹಾಕಿದರೆ ಬಿಲ್ಲು ಬಂದೇ ಬರುತ್ತದೆ. ಅದಕ್ಕೇ ನಾನು ಹೇಳೋದು, ಗ್ಯಾಸ್ ಮುಖ್ಯ ಒಲೆ, ಹಾಲು ಕಾಸಲಿಕ್ಕೆ, ಚಹಾಕ್ಕೆ ಇಂಡಕ್ಷನ್. ಆಷಾಢದಲ್ಲಿ ಇಂಡಕ್ಷನ್ನನ್ನು ನಂಬಿ ಅಕ್ಕಿ ತೊಳೆಯಬೇಡಿ.

ನಾಲ್ಕನೆಯದು ಗೋಬರ್ ಗ್ಯಾಸ್. ನನಗೆ ಇಷ್ಟವಾದದ್ದು ಇದೇ, ಬೈಸಿಕೊಂಡದ್ದೂ ಇದರಿಂದಲೇ. ಒಂದು ಘನ ಮೀಟರ್ ಗ್ಯಾಸಿಗೆ ದಿನಕ್ಕೆ ಸುಮಾರು 25 ಕೆಜಿ ಸಗಣಿ, ಅಷ್ಟೇ ನೀರು. ಸಣ್ಣ ಮನೆಗೆ ಎರಡು ಘನ ಮೀಟರ್ ಘಟಕ ಸಾಕು, ಅಂದರೆ ದಿನಕ್ಕೆ 50 ಕೆಜಿ ಸಗಣಿ. ದೊಡ್ಡ ಜಾತಿಯ ದನ ಕಟ್ಟಿ ಸಾಕುವವರಿಗೆ ನಾಲ್ಕೈದು ರಾಸಿದ್ದರೆ ಆಯಿತು. ನಮ್ಮ ಮಲೆನಾಡು ಗಿಡ್ಡ ಹೆಸರಿಗೆ ತಕ್ಕಂತೆ ಗಿಡ್ಡ, ಸಗಣಿಯೂ ಕಡಿಮೆ. ಹಗಲೆಲ್ಲ ಬೆಟ್ಟದಲ್ಲಿ ಮೇದು ಅರ್ಧ ಸಗಣಿ ಅಲ್ಲೇ ಹಾಕಿ ಬರುತ್ತದೆ. ಕೊಟ್ಟಿಗೆಯಲ್ಲಿ ಸಿಗುವ ಸಗಣಿಯನ್ನು ಒಂದು ವಾರ ಬುಟ್ಟಿಯಲ್ಲಿ ತೂಗಿ ನೋಡಿ, ಆಮೇಲೆ ಗುಂಡಿ ತೋಡಿಸಿ. ದೊಡ್ಡ ಘಟಕ ಕಟ್ಟಿಸಿ ಅರೆಹೊಟ್ಟೆ ಉಣ್ಣಿಸಿದರೆ ಗ್ಯಾಸ್ ಬರುವುದಿಲ್ಲ.

ಸಗಣಿ ಇರುವ ತೋಟದವರಿಗೆ ಮಾತ್ರ ಇದು ಎಲ್ಲಕ್ಕಿಂತ ಮೇಲು. ಎರಡು ಘನ ಮೀಟರ್ ಗ್ಯಾಸ್ ದಿನವೂ ಸರಿಯಾಗಿ ಬಂದರೆ ತಿಂಗಳಿಗೆ ಒಂದೂವರೆ ಸಿಲಿಂಡರಿಗೂ ಜಾಸ್ತಿ. ಮೇಲಿಂದ ಸ್ಲರಿ, ಅಂದರೆ ಗ್ಯಾಸ್ ಕೊಟ್ಟು ಹೊರಬಂದ ಸಗಣಿ ಬಗ್ಗಡ, ಅಡಿಕೆ ಬುಡಕ್ಕೆ. ನಮ್ಮಲ್ಲಿ ಆದ ತಪ್ಪು ಜಾಗದ್ದು. ಕಟ್ಟಿದ ಮೇಸ್ತ್ರಿ ಬೇಸಿಗೆಯಲ್ಲಿ ಬಂದು ಒಣಗಿದ ತಗ್ಗು ನೋಡಿ ಗುಂಡಿ ತೋಡಿದ. ನಾವೂ ಹೂಂ ಅಂದೆವು. ಜುಲೈನಲ್ಲಿ ಒರತೆ ಎದ್ದು, ಸ್ಲರಿ ಹೊರಗೆ ಬರುವ ಕಡೆಯಿಂದ ಮಳೆನೀರು ಒಳಗೆ ಹೋಗಿ, ಒಂದೂವರೆ ತಿಂಗಳು ಒಲೆಯಲ್ಲಿ ನೀಲಿ ಉರಿ ಕಾಣಲಿಲ್ಲ. ಎತ್ತರದ ಜಾಗ, ಸುತ್ತ ಚರಂಡಿ, ಮೇಲೊಂದು ಸೋಗೆಯ ಮಾಡು. ಈ ಮೂರು ಇಲ್ಲದೆ ಬೇಡ. ಚಳಿ, ಮಳೆಯಲ್ಲಿ ಗ್ಯಾಸ್ ಹೇಗಿದ್ದರೂ ಇಳಿಯುತ್ತದೆ. ಸಗಣಿ ಕಲಸಲು ಬಚ್ಚಲ ಹಂಡೆಯ ಉಗುರುಬೆಚ್ಚಗಿನ ನೀರು ಹಾಕಿದರೆ ಸ್ವಲ್ಪ ಚೇತರಿಸುತ್ತದೆ.

ಸ್ನಾನದ ನೀರು

ಮಲೆನಾಡಿನವರಿಗೆ ಹಂಡೆ ನೀರಿನ ವಿಷಯದಲ್ಲಿ ಬುದ್ಧಿ ಹೇಳಲು ಹೋಗಬಾರದು. ಆದರೂ ಒಂದು ಲೆಕ್ಕ. ನೂರು ಲೀಟರ್ ನೀರನ್ನು 22 ಡಿಗ್ರಿಯಿಂದ 45ಕ್ಕೆ ಏರಿಸಲು ಹತ್ತಿರ ಹತ್ತಿರ ಮೂರು ಯೂನಿಟ್ ಬೇಕು. ತಿಂಗಳಿಗೆ 90 ಯೂನಿಟ್! ಮನೆಯ ದೀಪ, ಫ್ಯಾನು, ಟಿವಿ, ಮಿಕ್ಸಿ ಎಲ್ಲ ಸೇರಿದರೂ ಇಷ್ಟು ಆಗದ ಮನೆಗಳಿವೆ. ಗೃಹಜ್ಯೋತಿಯ ಗೆರೆ ದಾಟಿಸುವುದು ಹೆಚ್ಚಾಗಿ ಗೀಸರೇ. ತಿಂಗಳ ಕೊನೆಗೆ ಬಿಲ್ಲು ನೋಡಿ ಮೀಟರಿಗೆ ಬೈಯುವವರು ಮೊದಲು ಬಚ್ಚಲಿಗೆ ಹೋಗಿ ನೋಡಲಿ.

ಸೋಲಾರ್ ವಾಟರ್ ಹೀಟರ್ ಅಕ್ಟೋಬರಿನಿಂದ ಮೇವರೆಗೆ ಚಿನ್ನದಂಥದ್ದು. ಜೂನಿನಿಂದ ಸೆಪ್ಟೆಂಬರಿನವರೆಗೆ, ಅಂದರೆ ಬಿಸಿನೀರು ನಿಜವಾಗಿ ಬೇಕಾದ ಹೊತ್ತಿಗೆ, ಮಾಡಿನ ಮೇಲಿನ ಅಲಂಕಾರ. ಆಗುಂಬೆ, ಹುಲಿಕಲ್ ಕಡೆಯವರಂತೂ ಸೂರ್ಯನ ಮುಖ ನೋಡಿ ವಾರಗಳೇ ಆಗಿರುತ್ತವೆ.

ಹಾಗಾಗಿ ಬಚ್ಚಲ ಒಲೆಯ ಪರವಾಗಿ ನಾನು ನಾಚಿಕೆಯಿಲ್ಲದೆ ಮಾತಾಡುತ್ತೇನೆ. ಅದಕ್ಕೆ ಬೇಕಾದದ್ದು ಮರ ಕಡಿದ ಸೌದೆ ಅಲ್ಲ. ಅಡಿಕೆ ಸಿಪ್ಪೆ, ಒಣಗಿದ ಹಾಳೆ, ಸೋಗೆ, ತೆಂಗಿನ ಮಟ್ಟೆ, ದರಕು (ಒಣ ಎಲೆ). ಹೇಗಿದ್ದರೂ ತೋಟದಲ್ಲಿ ಬಿದ್ದಿರೋದು. ಬಚ್ಚಲುಮನೆ ಬೇರೆ, ಅಡುಗೆಮನೆ ಬೇರೆ. ಹೊಗೆ ದಿನವಿಡೀ ಯಾರ ಎದೆಗೂ ಹೋಗುವುದಿಲ್ಲ. ಒಂದು ಕಬ್ಬಿಣದ ಬಾಗಿಲು, ಒಂದು ಹೊಗೆ ಕೊಳವೆ ಹಾಕಿಸಿ, ಸಾಕು. ಮಳೆಗಾಲದಲ್ಲಿ ಒದ್ದೆ ಬಟ್ಟೆ ಒಣಗಬೇಕಾದ್ದೂ ಅದರ ಮೇಲೇ. ಅದನ್ನು ಯಾವ ಗೀಸರ್ ಮಾಡುತ್ತದೆ ಹೇಳಿ?

ದೀಪ ಮತ್ತು ಫೋನು

ಭಾವನ ಪ್ರಶ್ನೆಗೆ ಈಗ ಬಂದೆ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮಾಡಿನ ಮೇಲೆ ಒಂದು ಕಿಲೋವ್ಯಾಟ್ ಹಾಕಿಸಿದರೆ 30,000, ಎರಡಕ್ಕೆ 60,000, ಮೂರು ಅಥವಾ ಜಾಸ್ತಿಗೆ 78,000 ರೂಪಾಯಿ ಸಬ್ಸಿಡಿ. ಒಂದು ಕಿಲೋವ್ಯಾಟ್ ಒಳ್ಳೆ ಬಿಸಿಲಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಆದರೆ ಈ ಸಬ್ಸಿಡಿ ಗ್ರಿಡ್ಡಿಗೆ, ಅಂದರೆ ಊರಿನ ಕರೆಂಟು ಲೈನಿಗೆ, ಜೋಡಿಸಿದ ಸೋಲಾರಿಗೆ. ಬ್ಯಾಟರಿ ಇಲ್ಲದ ಅಂಥ ವ್ಯವಸ್ಥೆ ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ಆಫ್ ಆಗುತ್ತದೆ. ಆಗಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ನಿಗೆ ನಿಮ್ಮ ಮನೆಯ ಕರೆಂಟು ಹೊಡೆಯುತ್ತದೆ. ಕರೆಂಟು ಹೋದಾಗ ಬೇಕು ಅಂತ ಸೋಲಾರ್ ಹಾಕಿಸಿದವರು ಮಾಡಿನ ತುಂಬ ಪ್ಯಾನೆಲ್ ಇಟ್ಟುಕೊಂಡು ಮೇಣದಬತ್ತಿ ಹುಡುಕುವುದನ್ನು ನಾನೇ ಸಾಗರದಲ್ಲಿ ನೋಡಿದ್ದೇನೆ.

ಇನ್ನೊಂದು. ನಿಮ್ಮ ಬಿಲ್ಲು ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತಿದ್ದರೆ ಸೋಲಾರಿನಿಂದ ಉಳಿಯುವುದಾದರೂ ಏನು? ತಿಂಗಳಿಗೆ 200 ದಾಟುವವರು, ಹೋಂಸ್ಟೇ ನಡೆಸುವವರು, ಅಂಗಡಿಯವರು ಲೆಕ್ಕ ಹಾಕಲಿ. ಉಳಿದವರು ಅವಸರ ಮಾಡಬೇಡಿ. ಮಾಡಿನ ಮೇಲೆ ಹಲಸಿನ ಮರದ ನೆರಳು ಬಿದ್ದರಂತೂ ಬೇಡವೇ ಬೇಡ. ಒಂದು ಪ್ಯಾನೆಲ್ಲಿಗೆ ನೆರಳು ಬಿದ್ದರೆ ಸಾಲಿನ ಉಳಿದವೂ ಸೊರಗುತ್ತವೆ. ಮಳೆಗಾಲದ ಪಾಚಿ ಬೇರೆ.

ಕತ್ತಲೆಗೆ ಮದ್ದು ಬೇಕಾದರೆ ಇನ್ವರ್ಟರ್. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರೋದು 1.8 ಯೂನಿಟ್. ಬಾಳಿಕೆ ಬರಬೇಕಾದರೆ ಒಂದು ಯೂನಿಟ್ಟಿನಷ್ಟು ಮಾತ್ರ ತೆಗೆಯಬೇಕು. ಆರು ಎಲ್‌ಇಡಿ ಬಲ್ಬು, ಒಂದು ಫ್ಯಾನು, ಇಂಟರ್ನೆಟ್ಟಿನ ಡಬ್ಬಿ ಇಟ್ಟರೆ ಎಂಟು ಗಂಟೆ. ಪೇಟೆಗೆ ಇದು ಧಾರಾಳ. ನಮ್ಮಲ್ಲಿ ಐದು ದಿನ ಕರೆಂಟು ಬರದ ಒಂದು ಜುಲೈನಲ್ಲಿ ನನ್ನ ಮೊದಲ ಬ್ಯಾಟರಿ ಪೂರ್ತಿ ಖಾಲಿಯಾಗಿ ಹಾಗೇ ಕೂತಿತು. ಆಮೇಲೆ ಮೇಲೇಳಲಿಲ್ಲ. ಅಂಗಡಿಯವರು ವಾರಂಟಿ ಕಾರ್ಡು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ತೋರಿಸಿದರು. ಸೀಸದ ಬ್ಯಾಟರಿಗೆ ಹಸಿವು ಆಗಬಾರದು ಅಂತ ಆವತ್ತು ಕಲಿತೆ. ಈಗ ಎರಡನೇ ದಿನ ಫ್ಯಾನು ಬಂದ್, ಮೂರೇ ಬಲ್ಬು.

ಬಡವರ ಮನೆಗೆ ಇದಕ್ಕಿಂತ ಒಳ್ಳೆಯದು ಪುಟ್ಟ ಸೋಲಾರ್ ದೀಪದ ಸೆಟ್ಟು. ಒಂದು ಸಣ್ಣ ಪ್ಯಾನೆಲ್, ಒಂದು ಬ್ಯಾಟರಿ, ಮೂರು-ನಾಲ್ಕು ಬಲ್ಬು, ಒಂದು ಫೋನ್ ಚಾರ್ಜರ್. ದೊಡ್ಡ ಇನ್ವರ್ಟರ್ ಸುಮ್ನೆ ಕೂತಾಗಲೂ ತಿನ್ನುವ ಕರೆಂಟು ಇಲ್ಲಿ ಇಲ್ಲ. ಮೋಡದ ಬೆಳಕಿನಲ್ಲೂ ಎರಡು ಬಲ್ಬಿಗಾಗುವಷ್ಟು ತುಂಬಿಕೊಳ್ಳುತ್ತದೆ. 1995ರಲ್ಲಿ ಹರೀಶ್ ಹಂದೆ ಮತ್ತು ಜೊತೆಗಾರರು ಸೆಲ್ಕೋ ಶುರು ಮಾಡಿದಾಗ ಹಿಡಿದ ದಾರಿ ಇದೇ: ವಸ್ತು ಅಗ್ಗ ಮಾಡುವ ಮೊದಲು ಬ್ಯಾಂಕ್ ಸಾಲದ ಕಂತನ್ನು ಜನರ ಆದಾಯ ಬರುವ ಹೊತ್ತಿಗೆ ಹೊಂದಿಸಿದರು. ಕೀನ್ಯಾದಲ್ಲಿ ಜನ ದಿನದಿನದ ಚಿಲ್ಲರೆಯನ್ನು ಫೋನಿನಲ್ಲೇ ಕಟ್ಟಿ ಇಂಥ ದೀಪ ಕೊಳ್ಳುತ್ತಾರೆ. ಸಿಲಿಂಡರಿಗೂ ಯಾರಾದರೂ ಹೀಗೆ ಕಂತು ಮಾಡಿದ್ದರೆ!

ಹಳ್ಳ ಇದ್ದವರ ಭಾಗ್ಯ

ಮನೆಯ ಮೇಲೆ ಗುಡ್ಡ, ಗುಡ್ಡದಲ್ಲಿ ಹಳ್ಳ ಇದ್ದವರಿಗೆ ಮಾತ್ರ ಈ ಮಾತು. ಸಣ್ಣ ಟರ್ಬೈನು ಮಲೆನಾಡಿಗೆಂದೇ ಹುಟ್ಟಿದಂತಿದೆ. ಸೋಲಾರ್ ಸೋಲುವ ತಿಂಗಳುಗಳಲ್ಲೇ ಇದು ತಿರುಗುತ್ತದೆ. ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್ ನೀರು, ಎಷ್ಟು ಮೀಟರ್ ಎತ್ತರದಿಂದ ಬೀಳುತ್ತದೆ, ಎರಡನ್ನೂ ಗುಣಿಸಿ, ಐದರಿಂದ ಇನ್ನೊಮ್ಮೆ ಗುಣಿಸಿ. ಬಂದದ್ದು ವ್ಯಾಟ್. ಇಪ್ಪತ್ತು ಲೀಟರ್ ಬಕೆಟ್ ನಾಲ್ಕು ಸೆಕೆಂಡಿಗೆ ತುಂಬಿದರೆ ಐದು ಲೀಟರ್. 40 ಮೀಟರ್ ಎತ್ತರ ಇದ್ದರೆ ಒಂದು ಕಿಲೋವ್ಯಾಟ್. ಒಂದು ಕಿಲೋವ್ಯಾಟ್ ಸಣ್ಣದು ಅನ್ನಬೇಡಿ, ಇದು ರಾತ್ರಿ ಹಗಲು ತಿರುಗುತ್ತದೆ. ದಿನಕ್ಕೆ 24 ಯೂನಿಟ್! ಉಳಿದ ಕರೆಂಟನ್ನು ಬಚ್ಚಲ ಹಂಡೆಯೊಳಗಿನ ಹೀಟರ್ ಕಾಯಿಲಿಗೆ ಬಿಡುತ್ತಾರೆ, ನೀರೂ ಕಾಯುತ್ತದೆ.

ಇದರ ಬೆಲೆ ದುಡ್ಡಿನಲ್ಲಿ ಮಾತ್ರ ಇಲ್ಲ. ಜೋರು ಮಳೆಯಲ್ಲಿ ನೀರು ಹಿಡಿಯುವ ಬಾಯಿಗೆ ಎಲೆ ಕಟ್ಟುತ್ತದೆ. ಕಂಬಳಿಕೊಪ್ಪೆ ಹಾಕಿಕೊಂಡು, ಇಂಬಳ (ಜಿಗಣೆ) ಕೀಳುತ್ತಾ ಗುಡ್ಡ ಹತ್ತುವವರು ಮನೆಯಲ್ಲಿ ಬೇಕು. ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ನಿಂತು ಹೋದ ಟರ್ಬೈನುಗಳಿವೆ. ಹಳ್ಳ ಅರಣ್ಯದೊಳಗಿದ್ದರೆ ಪೈಪು ಎಳೆಯುವ ಮೊದಲು ಇಲಾಖೆಯಲ್ಲಿ ಕೇಳಿಕೊಳ್ಳಿ.

ಅಡಿಕೆ ಬೇಯಿಸಲಿಕ್ಕೆ ಸೌದೆಗೆ ಸದ್ಯಕ್ಕೆ ಎದುರಾಳಿ ಇಲ್ಲ. ಹೊಗೆ ಕೊಳವೆಯ ಸುಧಾರಿಸಿದ ಒಲೆ ಕಟ್ಟಿಸಿ, ಅಷ್ಟೇ.

ಹಾಗಾದರೆ ಯಾರಿಗೆ ಯಾವುದು? ಶೀಟು ಮಾಡಿನ ಕೂಲಿಯವರ ಮನೆಗೆ ನಾನು ಹೇಳೋದು: ಗೃಹಜ್ಯೋತಿಯ ಗೆರೆಯೊಳಗೆ ದೀಪ, ಜೊತೆಗೆ ಪುಟ್ಟ ಸೋಲಾರ್ ಸೆಟ್ಟು. ದಿನಕ್ಕೆ 30 ರೂಪಾಯಿ ಸ್ವಸಹಾಯ ಸಂಘದಲ್ಲಿ ಕಟ್ಟುತ್ತಾ ಬಂದರೆ ತಿಂಗಳಿಗೆ ಒಂದು ಸಿಲಿಂಡರ್. ವಯಸ್ಸಾದ ಇಬ್ಬರೇ ಇರುವ ಮನೆಗೆ ಎರಡು ಸಿಲಿಂಡರ್, ಒಂದು ಇನ್ವರ್ಟರ್. ಗೋಬರ್ ಗ್ಯಾಸ್ ಬೇಡ, ದಿನವೂ ಸಗಣಿ ಕಲಸುವುದು ಎಪ್ಪತ್ತರ ಸೊಂಟಕ್ಕೆ ಆಗುವ ಕೆಲಸ ಅಲ್ಲ. ಬಚ್ಚಲ ಒಲೆ ಹೇಗಿದ್ದರೂ ಅವರು ಬಿಡುವುದಿಲ್ಲ, ಬಿಡಿಸಲೂ ಹೋಗಬೇಡಿ. ಕೊಟ್ಟಿಗೆ ತುಂಬ ದನ, ಹಳ್ಳ, ಕೈಕಾಲು ಗಟ್ಟಿ ಇರುವ ಮಕ್ಕಳು ಎಲ್ಲ ಇದ್ದವರಿಗೆ ಗೋಬರ್ ಗ್ಯಾಸೂ ಟರ್ಬೈನೂ ಎರಡೂ ಇರಲಿ.

ಭಾವ ಈ ಕೊನೆಯ ಗುಂಪಿನವರು. ಮೊನ್ನೆ ಫೋನಿನಲ್ಲಿ ಸೋಲಾರ್ ಸುದ್ದಿ ಇರಲಿಲ್ಲ. ಬಕೆಟ್ ಐದೇ ಸೆಕೆಂಡಿಗೆ ತುಂಬಿತಂತೆ, ಹಿಗ್ಗಿ ಹೀರೇಕಾಯಿ ಆಗಿದ್ದರು. ಅಳೆದದ್ದು ಆಗಸ್ಟಿನಲ್ಲಿ. ಡಿಸೆಂಬರಿನಲ್ಲಿ ಇನ್ನೊಂದು ಸಲ ಅದೇ ಬಕೆಟ್ ಹಿಡಿದು ನಿಲ್ಲಿ, ಆಮೇಲೆ ಪೈಪು ತರೋಣ ಅಂದಿದ್ದೇನೆ.